ಸೂಜಿ ಅಂದರೆ ಯಾವ ಸೂಜಿ?

ಪಶು ಆಸ್ಪತ್ರೆಗೆ ಹಸು ಹೊಡೆದುಕೊಂಡು ಬಂದವರನ್ನು ಡಾಕ್ಟರು ಮೊದಲು ಕೇಳುವ ಮಾತು: ‘ಏನಮ್ಮಾ, ಸೂಜಿ ಹಾಕಿಸಿದ್ದೀರಾ?’ ‘ಹಾಕ್ಸಿದೀವಿ ಸಾರ್, ಹೋದ ತಿಂಗಳೇ.’ ಯಾವ ಸೂಜಿ ಎಂದು ಬಿಡಿಸಿ ಕೇಳಿದಾಗ ವಿಷಯ ಹೊರಬೀಳುತ್ತದೆ. ಹೋದ ತಿಂಗಳು ಹಾಕಿಸಿದ್ದು ಜ್ವರಕ್ಕೆ ಕೊಟ್ಟ ಔಷಧಿ. ಕಾಲುಬಾಯಿ ಜ್ವರದ ಲಸಿಕೆ ಹಾಕಲು ಬಂದ ದಿನ ಮನೆಯವರೆಲ್ಲ ಮದುವೆಗೆ ಹೋಗಿದ್ದರು.

ನಮ್ಮ ಹಳ್ಳಿಗಳಲ್ಲಿ ರೋಗ ಬಾರದಂತೆ ತಡೆಯುವ ಲಸಿಕೆ, ಬಂದ ಬ್ಯಾಕ್ಟೀರಿಯಾವನ್ನು ಕೊಲ್ಲುವ ಆಂಟಿಬಯಾಟಿಕ್, ನೋವು ಇಳಿಸುವ ಮದ್ದು, ಕರು ಹಾಕಿ ನೆಲ ಹಿಡಿದ ಹಸುವನ್ನು ಎಬ್ಬಿಸುವ ಕ್ಯಾಲ್ಸಿಯಂ, ಬೆದೆಗೆ ತರಿಸುವ ಹಾರ್ಮೋನು, ಕೊನೆಗೆ ಕೃತಕ ಗರ್ಭಧಾರಣೆ, ಇಷ್ಟಕ್ಕೂ ಸೂಜಿ ಎಂದೇ ಹೆಸರು. ಮಾತಿನಲ್ಲಿ ಹೀಗೆ ಬೆರೆತುಹೋದದ್ದು ಕೊಟ್ಟಿಗೆಯಲ್ಲೂ ಬೆರೆತುಹೋಗುತ್ತದೆ. ಲಸಿಕೆ ಹಾಕಿಸಬೇಕಾದ ಕಾಲದಲ್ಲಿ ಸುಮ್ಮನಿದ್ದು, ರೋಗ ಬಂದ ಮೇಲೆ ‘ಲಸಿಕೆ ಹಾಕಿಬಿಡಿ’ ಎಂದು ಓಡಿಬರುವವರನ್ನು ಈಗಲೂ ಕಾಣುತ್ತೇವೆ. ಎರಡೋ ನಾಲ್ಕೋ ರಾಸು ಕಟ್ಟಿಕೊಂಡು ಡೇರಿಗೆ ಹಾಲು ಹಾಕುವ ಮನೆಗಳಿಗೆ ಪಶುವೈದ್ಯರ ಕೆಲವು ಮಾತುಗಳಾದರೂ ಸ್ಪಷ್ಟವಾಗಿ ಗೊತ್ತಿರಬೇಕು. ಯಾವುದು ನಮ್ಮ ಕೈಯಲ್ಲಿದೆ, ಯಾವುದಕ್ಕೆ ಡಾಕ್ಟರನ್ನೇ ಕರೆಯಬೇಕು, ಯಾವುದನ್ನು ಕೈಯಿಂದ ಮುಟ್ಟಲೇಬಾರದು ಎಂಬುದು ಆಗ ತಾನಾಗಿ ತಿಳಿಯುತ್ತದೆ.

ಲಸಿಕೆ, ಬೂಸ್ಟರ್, ಶೀತಲ ಸರಪಳಿ

ಲಸಿಕೆ ಔಷಧಿಯಲ್ಲ. ಸತ್ತ ಅಥವಾ ಶಕ್ತಿಗುಂದಿಸಿದ ರೋಗಾಣುವನ್ನು ಆರೋಗ್ಯವಂತ ರಾಸಿನ ಮೈಗೆ ಪರಿಚಯ ಮಾಡಿಸುವುದು ಅದರ ಕೆಲಸ. ನಿಜವಾದ ರೋಗಾಣು ಬಂದಾಗ ಎದುರಿಸಲು ಬೇಕಾದ ಪ್ರತಿಕಾಯಗಳನ್ನು ಮೈಯೇ ತಯಾರಿಸಿಕೊಳ್ಳುತ್ತದೆ. ಅದಕ್ಕೆ ಎರಡು ಮೂರು ವಾರ ಬೇಕು. ಹಾಗಾಗಿ ಪಕ್ಕದ ಊರಿಗೆ ರೋಗ ಬಂದ ಸುದ್ದಿ ಕೇಳಿದ ಮೇಲೆ ಹಾಕಿಸಿದ ಲಸಿಕೆ ಅಂದೇ ಕಾಯುವುದಿಲ್ಲ. ಜ್ವರ ಬಂದು ಮಲಗಿದ ಹಸುವಿಗೆ ಹಾಕಿಸಿದರೂ ಪ್ರಯೋಜನವಿಲ್ಲ.

ಮೊದಲ ಸಲ ಹಾಕಿದ ಲಸಿಕೆ ಮೈಗೆ ಪಾಠ ಹೇಳಿದರೆ, ಅದನ್ನು ಗಟ್ಟಿ ಮಾಡುವುದು ಬೂಸ್ಟರ್. ಕಾಲುಬಾಯಿ ಜ್ವರಕ್ಕೆ ಕರುವಿನ ನಾಲ್ಕನೇ ತಿಂಗಳಲ್ಲಿ ಮೊದಲ ಲಸಿಕೆ, ತಿಂಗಳ ನಂತರ ಬೂಸ್ಟರ್, ಆಮೇಲೆ ಆರು ತಿಂಗಳಿಗೊಮ್ಮೆ. ಬೂಸ್ಟರ್ ತಪ್ಪಿಸಿಕೊಂಡ ಕರುಗಳೇ ರೋಗ ಬಂದಾಗ ಮೊದಲು ಬೀಳುವುದು. ಅಷ್ಟು ಚಿಕ್ಕ ಕರುವಿಗೆ ಎರಡೆರಡು ಸಲ ಯಾಕೆ ಚುಚ್ಚಿಸಬೇಕು ಎಂಬ ಕನಿಕರ ಇಲ್ಲಿ ಕೇಡು ಮಾಡುತ್ತದೆ.

ಕಾಲುಬಾಯಿ ಜ್ವರ ಬರುವುದು ವೈರಸ್‌ನಿಂದ. ಅದರಲ್ಲಿ ಹಲವು ಬಗೆಗಳಿದ್ದು, ಒಂದರ ವಿರುದ್ಧ ಬೆಳೆದ ಶಕ್ತಿ ಇನ್ನೊಂದನ್ನು ತಡೆಯುವುದಿಲ್ಲ. ನಮ್ಮಲ್ಲಿ ಹಾಕುವ ಲಸಿಕೆಯಲ್ಲಿ ಓ, ಎ ಮತ್ತು ಏಷ್ಯಾ–1 ಎಂಬ ಮೂರು ಬಗೆಗಳಿಗೂ ರಕ್ಷಣೆ ಇರುತ್ತದೆ. 2013ರಲ್ಲಿ ಈ ರೋಗ ಕರ್ನಾಟಕದ ಹಳ್ಳಿಗಳನ್ನು ಹೊಕ್ಕಾಗ ಹಾಲು ಕರೆಯುವ ಮಿಶ್ರತಳಿ ಹಸುಗಳನ್ನು ಮನೆಮನೆಯಲ್ಲೂ ಕಳೆದುಕೊಂಡದ್ದು ಕೋಲಾರದ ಕಡೆಯ ರೈತರಿಗೆ ಮರೆತಿಲ್ಲ. ಬದುಕಿ ಉಳಿದವೂ ಮೊದಲಿನಂತೆ ಹಾಲು ಕೊಡಲಿಲ್ಲ. ಗಬ್ಬ ನಿಲ್ಲಲಿಲ್ಲ, ಬಿಸಿಲಲ್ಲಿ ತೇಕತೊಡಗಿದವು. 2019ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮದಡಿ ಕಾಲುಬಾಯಿ ಜ್ವರ ಮತ್ತು ಕಂದು ರೋಗದ (ಬ್ರುಸೆಲ್ಲೋಸಿಸ್) ಲಸಿಕೆಗಳನ್ನು ಸರ್ಕಾರವೇ ಉಚಿತವಾಗಿ ಹಾಕುತ್ತಿದೆ. ರಾಸಿನ ಕಿವಿಯ ಹಳದಿ ಓಲೆಯಲ್ಲಿರುವ 12 ಅಂಕಿಗಳ ಸಂಖ್ಯೆಯ ಮೇಲೆ ಲಸಿಕೆಯ ದಾಖಲೆ ಸೇರುತ್ತದೆ. ಓಲೆ ಕಿತ್ತುಹೋಗಿದ್ದರೆ ಹೊಸದನ್ನು ಹಾಕಿಸಿಕೊಳ್ಳಿ. ವಿಮೆ ಕೇಳುವಾಗಲೂ ಅದೇ ಸಂಖ್ಯೆ ಬೇಕು.

ಲಸಿಕೆ ಹಾಕಿಸಿದ ಮೇಲೆ ಒಂದೆರಡು ದಿನ ಹಾಲು ತುಸು ಇಳಿಯಬಹುದು, ಚುಚ್ಚಿದ ಜಾಗ ಊದಬಹುದು, ಮೈ ಬೆಚ್ಚಗಾಗಬಹುದು. ಈ ಕಾರಣಕ್ಕೆ ‘ನಮ್ಮದಕ್ಕೆ ಬೇಡ’ ಎಂದು ಕೊಟ್ಟಿಗೆಯ ಬಾಗಿಲು ಹಾಕುವವರಿದ್ದಾರೆ. ಎರಡು ದಿನದ ಒಂದೆರಡು ಲೀಟರ್ ಹಾಲನ್ನು ಒಂದು ಕಡೆ ಇಡಿ, ಕಾಲುಬಾಯಿ ಜ್ವರ ಬಂದು ಹೋದ ಹಸುವಿನ ಇಡೀ ಸೂಲಿನ ಹಾಲನ್ನು ಇನ್ನೊಂದು ಕಡೆ ಇಡಿ. ಲೆಕ್ಕ ಅಲ್ಲೇ ಮುಗಿಯುತ್ತದೆ. ಊರಿನಲ್ಲಿ ಹೆಚ್ಚಿನ ರಾಸುಗಳಿಗೆ ಲಸಿಕೆ ಆಗಿದ್ದರೆ ವೈರಸ್ಸಿಗೆ ಹರಡಲು ದಾರಿ ಇರುವುದಿಲ್ಲ. ಬಿಟ್ಟುಹೋದ ಹತ್ತು ಮನೆಗಳೇ ಅದಕ್ಕೆ ದಾರಿಯಾಗುತ್ತವೆ. ಗಬ್ಬದ ಕೊನೆಯ ತಿಂಗಳಲ್ಲಿರುವ ಹಸು, ಕಾಯಿಲೆಯಿಂದ ಆಗಷ್ಟೇ ಎದ್ದ ಹಸು ಇದ್ದರೆ ಲಸಿಕೆಗೆ ಬಂದವರಿಗೆ ಮೊದಲೇ ಹೇಳಿ. ಹಾಕಬೇಕೋ ಮುಂದೂಡಬೇಕೋ ಎಂದು ಅವರು ನಿರ್ಧರಿಸುತ್ತಾರೆ.

ತಯಾರಾದ ಜಾಗದಿಂದ ಸೂಜಿಯ ತುದಿಯವರೆಗೂ ಲಸಿಕೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಣ್ಣಗಿನಲ್ಲೇ ಇರಬೇಕು. ಶೀತಲ ಸರಪಳಿ ಎನ್ನುವುದು ಇದಕ್ಕೆ. ಬೈಕಿನ ಡಿಕ್ಕಿಯಲ್ಲಿ ಬಿಸಿಲುಂಡ ಲಸಿಕೆ ಬರೀ ನೀರಿಗೆ ಸಮ. ಲಸಿಕೆ ತಂದವರ ಹತ್ತಿರ ಐಸ್ ಪೆಟ್ಟಿಗೆ ಇದೆಯೇ ಎಂದು ನೋಡುವ, ಇಲ್ಲದಿದ್ದರೆ ಕೇಳುವ ಹಕ್ಕು ರೈತನಿಗಿದೆ.

ಲಸಿಕೆಯ ಶಕ್ತಿಯನ್ನು ಅನುಮಾನಿಸುವವರಿಗೆ ಹೇಳಲು ದೊಡ್ಡರೋಗದ ಕಥೆಯೊಂದೇ ಸಾಕು. ಊರಿಗೆ ಊರೇ ಕೊಟ್ಟಿಗೆ ಬರಿದು ಮಾಡುತ್ತಿದ್ದ ಆ ರೋಗವನ್ನು 2011ರಲ್ಲಿ ಜಗತ್ತಿನಿಂದಲೇ ನಿರ್ಮೂಲವಾಗಿದೆ ಎಂದು ಘೋಷಿಸಲಾಯಿತು. ಮನುಷ್ಯರ ಸಿಡುಬಿನ ನಂತರ ಭೂಮಿಯಿಂದ ಪೂರ್ತಿ ಅಳಿಸಿಹೋದ ರೋಗ ಅದೊಂದೇ.

ಗಂಟಲು ಊದಿದೆ ಅಂದರೆ

‘ಡಾಕ್ಟ್ರೇ, ಎಮ್ಮೆಗೆ ಗಂಟಲು ಊದಿದೆ’ ಎಂಬ ಫೋನು ಮಳೆಗಾಲದ ಶುರುವಿನಲ್ಲಿ ಬಂದರೆ ಡಾಕ್ಟರು ಊಟ ಬಿಟ್ಟು ಏಳುತ್ತಾರೆ. ಅದು ಗಳಲೆ ರೋಗ ಇರಬಹುದು. ಗಂಟಲುಬೇನೆ ಎಂದೂ ಇದನ್ನು ಕರೆಯುತ್ತಾರೆ. ಪಾಶ್ಚರೆಲ್ಲಾ ಎಂಬ ಬ್ಯಾಕ್ಟೀರಿಯಾದಿಂದ ಬರುವ ರೋಗ. ಜ್ವರ 104 ಡಿಗ್ರಿ ದಾಟುತ್ತದೆ, ದವಡೆಯ ಕೆಳಗೆ ಬಿಸಿಯಾದ, ಮುಟ್ಟಿದರೆ ನೋಯುವ ಊತ, ಉಸಿರಿಗೆ ಗೊರಗೊರ ಸದ್ದು. ಒಂದು ದಿನದೊಳಗೇ ಪ್ರಾಣ ಹೋಗಬಹುದು. ಹಸುವಿಗಿಂತ ಎಮ್ಮೆಗೆ ಇದು ಜೋರು.

ಅದೇ ದವಡೆಯ ಕೆಳಗೆ ಇನ್ನೊಂದು ಬಗೆಯ ಊತವೂ ಬರುತ್ತದೆ. ಮುಟ್ಟಿದರೆ ತಣ್ಣಗೆ, ನೀರು ತುಂಬಿದ ಚೀಲದಂತೆ ಮೆತ್ತಗೆ. ಜ್ವರವಿಲ್ಲ, ನೋವಿಲ್ಲ. ಹಸು ವಾರಗಳಿಂದ ಸೊರಗುತ್ತ ಬಂದಿರುತ್ತದೆ, ಸಗಣಿ ತೆಳ್ಳಗಿರುತ್ತದೆ, ಕಣ್ಣಿನ ಒಳರೆಪ್ಪೆ ಬಿಳುಪೇರಿರುತ್ತದೆ. ಇದು ಹೆಚ್ಚಾಗಿ ಯಕೃತ್ತಿನಲ್ಲಿ ಸೇರಿದ ಚಪ್ಪಟೆ ಜಂತುವಿನ ಕೆಲಸ. ಕೆರೆಯಂಗಳದಲ್ಲಿ, ಗದ್ದೆ ಬದುವಿನಲ್ಲಿ ಮೇಯುವ ರಾಸುಗಳಿಗೆ ಬಸವನಹುಳುವಿನ ಮೂಲಕ ಬರುತ್ತದೆ. ಒಂದಕ್ಕೆ ಗಂಟೆಗಳ ಲೆಕ್ಕ, ಇನ್ನೊಂದಕ್ಕೆ ಸಗಣಿ ಪರೀಕ್ಷೆ ಮಾಡಿಸಿ ಸರಿಯಾದ ಜಂತುನಾಶಕ ಕೊಡುವಷ್ಟು ಸಮಯ ಇದೆ. ಫೋನಿನಲ್ಲಿ ‘ಊದಿದೆ’ ಎನ್ನುವುದರ ಜೊತೆಗೆ ‘ಬಿಸಿ ಇದೆ, ನಿನ್ನೆ ರಾತ್ರಿಯಿಂದ’ ಎಂದೋ ‘ತಣ್ಣಗಿದೆ, ಹದಿನೈದು ದಿನವಾಯ್ತು’ ಎಂದೋ ಸೇರಿಸಿದರೆ ಡಾಕ್ಟರು ಯಾವ ಔಷಧಿ ಹಿಡಿದು ಹೊರಡಬೇಕು ಎನ್ನುವುದು ಅಲ್ಲೇ ತೀರ್ಮಾನವಾಗುತ್ತದೆ.

ಚಪ್ಪೆ ರೋಗವೂ ಮಳೆಯ ಜೊತೆಗೇ ಬರುವಂಥದ್ದು. ಆರು ತಿಂಗಳಿಂದ ಎರಡು ವರ್ಷದ, ಚೆನ್ನಾಗಿ ಮೈಕಟ್ಟಿಕೊಂಡ ಎಳೆ ರಾಸುಗಳನ್ನೇ ಆರಿಸಿ ಹಿಡಿಯುತ್ತದೆ. ತೊಡೆ ಅಥವಾ ಭುಜ ಊದಿ ಕುಂಟುತ್ತದೆ. ಊದಿದ ಕಡೆ ಒತ್ತಿದರೆ ಚರ್ಮದಡಿಯ ಗಾಳಿಯಿಂದ ಚರಚರ ಸದ್ದು ಕೇಳುತ್ತದೆ. ಗಳಲೆ, ಚಪ್ಪೆ ಎರಡಕ್ಕೂ ವರ್ಷಕ್ಕೊಮ್ಮೆ, ಮುಂಗಾರು ಹಿಡಿಯುವ ಮುಂಚೆ ಲಸಿಕೆ ಹಾಕಿಸಬೇಕು. ಕಾರಹುಣ್ಣಿಮೆಗೆ ಎತ್ತುಗಳ ಮೈತೊಳೆದು ಕೊಂಬಿಗೆ ಬಣ್ಣ ಹಚ್ಚುವ ಹೊತ್ತಿಗೆ ಈ ಕೆಲಸ ಮುಗಿದಿರಲಿ.

ಇನ್ನು ನೆರಡಿ ರೋಗ. ಸಂಜೆ ಮೇವು ತಿಂದ ರಾಸು ಬೆಳಗ್ಗೆ ಸತ್ತು ಬಿದ್ದಿದ್ದು, ಮೂಗಿನಿಂದಲೋ ಗುದದಿಂದಲೋ ಹೆಪ್ಪುಗಟ್ಟದ ಕಪ್ಪು ರಕ್ತ ಸೋರುತ್ತಿದ್ದರೆ ಹೆಣವನ್ನು ಕೊಯ್ಯಬಾರದು, ಚರ್ಮ ಸುಲಿಯಬಾರದು, ಎಳೆದುಕೊಂಡು ಹೋಗಬಾರದು. ಗಾಳಿ ತಾಗಿದೊಡನೆ ಈ ರೋಗದ ಬ್ಯಾಕ್ಟೀರಿಯಾ ಗಟ್ಟಿ ಕವಚ ಕಟ್ಟಿಕೊಂಡು ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಮನುಷ್ಯರಿಗೂ ಹತ್ತುತ್ತದೆ. ಆಸ್ಪತ್ರೆಗೆ ತಿಳಿಸಿ, ಅವರು ಹೇಳಿದಂತೆ ಆಳವಾದ ಗುಂಡಿಯಲ್ಲಿ ಸುಣ್ಣ ಸುರಿದು ಹೂಳಬೇಕು.

ಚರ್ಮಗಂಟು ರೋಗ ನಮಗೆ ಹೊಸದು. 2019ರಲ್ಲಿ ಒಡಿಶಾದಲ್ಲಿ ಮೊದಲು ಕಾಣಿಸಿಕೊಂಡು, 2022ರಲ್ಲಿ ದೇಶದ ತುಂಬ ಹಬ್ಬಿತು. ಮೈಮೇಲೆ ಗಂಟು, ಜ್ವರ, ಕಾಲು ಬಾವು. ಕಚ್ಚುವ ನೊಣ, ಸೊಳ್ಳೆ, ಉಣ್ಣೆಗಳು ಇದನ್ನು ಹರಡುತ್ತವೆ. ಆಡುಗಳ ಸಿಡುಬಿನ ವೈರಸ್ಸೂ ಇದೂ ಒಂದೇ ಕುಲದವಾದ್ದರಿಂದ ಆಡಿನ ಸಿಡುಬಿನ ಲಸಿಕೆಯನ್ನೇ ಹಸುಗಳಿಗೂ ಹಾಕಲಾಯಿತು. ಮನುಷ್ಯರಿಗೆ ಈ ರೋಗ ಬರುವುದಿಲ್ಲ. ಆ ವರ್ಷ ಹಾಲು ಕುಡಿಯಲೂ ಹೆದರಿದವರಿದ್ದರು, ಆ ಹೆದರಿಕೆಗೆ ಆಧಾರವಿರಲಿಲ್ಲ.

ಹಸುವಿನಿಂದ ಮನೆಯವರಿಗೆ

ಪ್ರಾಣಿಯಿಂದ ಮನುಷ್ಯರಿಗೆ ದಾಟುವ ಕಾಯಿಲೆಗಳನ್ನು ಪ್ರಾಣಿಜನ್ಯ ರೋಗ ಎನ್ನುತ್ತಾರೆ. ಕೊಟ್ಟಿಗೆಯ ಕೆಲಸ ಹೆಚ್ಚಾಗಿ ಹೆಂಗಸರೇ ಮಾಡುವ ನಮ್ಮ ಮನೆಗಳಲ್ಲಿ ಈ ಮಾತನ್ನು ಅವರಿಗೆ ಮೊದಲು ಹೇಳಬೇಕು.

ಕಂದು ರೋಗ ಅಥವಾ ಬ್ರುಸೆಲ್ಲೋಸಿಸ್ ಬಂದ ಹಸು ಗಬ್ಬದ ಐದು ತಿಂಗಳ ನಂತರ ಕಂದು ಹಾಕುತ್ತದೆ, ಮಾಸು ಬೀಳುವುದು ತಡವಾಗುತ್ತದೆ. ಬಿದ್ದ ಕಂದು, ಮಾಸು, ಸೋರಿದ ನೀರು ಎಲ್ಲದರಲ್ಲೂ ಬ್ಯಾಕ್ಟೀರಿಯಾ ತುಂಬಿರುತ್ತದೆ. ಅದನ್ನು ಬರಿಗೈಯಲ್ಲಿ ಎತ್ತಿ ತಿಪ್ಪೆಗೆ ಎಸೆದವರಿಗೆ ಬಂದು ಹೋಗುವ ಜ್ವರ, ಕೀಲುನೋವು, ಬೆವರು ತಿಂಗಳುಗಟ್ಟಲೆ ಕಾಡುತ್ತದೆ. ಅಂಥವರು ಮನುಷ್ಯರ ಆಸ್ಪತ್ರೆಯಲ್ಲಿ ‘ನಮ್ಮ ಹಸು ಕಂದು ಹಾಕಿತ್ತು’ ಎಂದು ಬಾಯಿಬಿಟ್ಟು ಹೇಳಬೇಕು. ಹೇಳದಿದ್ದರೆ ಡಾಕ್ಟರಿಗೆ ಆ ಕಡೆ ಯೋಚನೆ ಹೋಗುವುದೇ ಕಷ್ಟ. ಕೈಗವಸು ಹಾಕಿಕೊಂಡು ಎತ್ತಿ, ಸುಣ್ಣ ಹಾಕಿ ಹೂಳಿ, ಹಾಲನ್ನು ಕಾಯಿಸಿಯೇ ಕುಡಿಯಿರಿ. ಇದರ ಲಸಿಕೆ ನಾಲ್ಕರಿಂದ ಎಂಟು ತಿಂಗಳ ಹೆಣ್ಣುಗರುವಿಗೆ ಮಾತ್ರ, ಜೀವಮಾನದಲ್ಲಿ ಒಂದೇ ಸಲ. ಆ ನಾಲ್ಕು ತಿಂಗಳು ಕಳೆದುಹೋದರೆ ಅವಕಾಶವೂ ಹೋಯಿತು. ಮನೆಯಲ್ಲಿ ಹೆಣ್ಣುಗರು ಹುಟ್ಟಿದ ದಿನವೇ ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ನಾಲ್ಕನೇ ತಿಂಗಳಿಗೆ ಗುರುತು ಹಾಕಿಡಿ.

ರೇಬಿಸ್ ನಾಯಿಗೆ ಮಾತ್ರ ಬರುವ ಕಾಯಿಲೆಯಲ್ಲ. ಹುಚ್ಚುನಾಯಿ ಕಚ್ಚಿದ ಹಸು ಕೆಲವು ವಾರ, ತಿಂಗಳುಗಳ ನಂತರ ಜೊಲ್ಲು ಸುರಿಸುತ್ತ, ಒಡೆದ ದನಿಯಲ್ಲಿ ಅರಚುತ್ತ, ನುಂಗಲಾರದೆ ನಿಲ್ಲುತ್ತದೆ. ಗಂಟಲಲ್ಲಿ ಗೊರಟೆಯೋ ತೆಂಗಿನ ಚಿಪ್ಪೋ ಸಿಕ್ಕಿಕೊಂಡಿದೆ ಎಂದುಕೊಂಡು ಮನೆಯ ಯಜಮಾನ ಬಾಯೊಳಗೆ ಕೈ ಹಾಕುವುದು ಆಗಲೇ. ಕಾಲುಬಾಯಿ ಜ್ವರದಲ್ಲೂ ಜೊಲ್ಲು ಸುರಿಯುತ್ತದೆ. ಆದರೆ ಅಲ್ಲಿ ಬಾಯಲ್ಲಿ ಹುಣ್ಣು, ಗೊರಸಿನ ಸಂದಿಯಲ್ಲಿ ಗಾಯ, ಚಪ್ಪರಿಸುವ ಸದ್ದು ಇರುತ್ತದೆ. ಎರಡರ ನಡುವೆ ಅನುಮಾನವಿದ್ದಾಗ ಕೈ ಹಾಕಲೇಬೇಡಿ. ಹಾಕಿಬಿಟ್ಟಿದ್ದರೆ ಸೋಪು ಹಚ್ಚಿ ಹದಿನೈದು ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಅಂದೇ ಆಸ್ಪತ್ರೆಗೆ ಹೋಗಿ. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಮನುಷ್ಯನನ್ನು ಉಳಿಸುವ ಚಿಕಿತ್ಸೆ ಇಲ್ಲ.

ಪ್ರಾಣಿಜನ್ಯ ರೋಗಗಳನ್ನು ಬಿಟ್ಟು, ಕುರಿ, ಆಡು ಸಾಕುವವರಿಗೆ ಇನ್ನೆರಡು ಹೆಸರು ಬಾಯಿಪಾಠ ಇರಲಿ: ಮಳೆಗಾಲದ ಎಳೆ ಹುಲ್ಲು ಮೇದ ದಷ್ಟಪುಷ್ಟ ಕುರಿ ಏಕಾಏಕಿ ಸಾಯುವ ಕರುಳುಬೇನೆ, ಮತ್ತು ಉತ್ತರ ಕರ್ನಾಟಕದವರು ಹಿರೇಬೇನೆ ಎನ್ನುವ ಪಿಪಿಆರ್. ಎರಡಕ್ಕೂ ಲಸಿಕೆ ಇದೆ. ಮನೆಯ ಕೋಳಿಗೆ ಕೊಕ್ಕರೆ ರೋಗದ ಲಸಿಕೆ ಹಾಕಿಸುವವರು ಕಡಿಮೆ, ಬೇಸಿಗೆಯಲ್ಲಿ ಗೂಡು ಖಾಲಿಯಾಗುವವರೆಗೂ ಅದು ನೆನಪಾಗುವುದಿಲ್ಲ.

ಸಂತೆಯಿಂದ ಹೊಸ ಹಸು ತಂದರೆ ಮೂರರಿಂದ ನಾಲ್ಕು ವಾರ ಬೇರೆ ಕಟ್ಟಿ. ಕ್ವಾರಂಟೈನ್ ಎಂಬ ಮಾತು ಕೋವಿಡ್ ಕಾಲದಲ್ಲಿ ಎಲ್ಲರಿಗೂ ತಿಳಿದಿದೆ. ಹೊಸ ಹಸುವಿನ ಬಕೆಟ್ಟು ಬೇರೆ ಇರಲಿ, ಹಾಲು ಕೊನೆಯಲ್ಲಿ ಕರೆಯಿರಿ.

ಉಣ್ಣೆ ಗೋಡೆಯಲ್ಲಿದೆ

ಮಿಶ್ರತಳಿ ಹಸುವಿಗೆ ಬಿಡದ ಜ್ವರ, ಭುಜದ ಮುಂದೆ ನಿಂಬೆಹಣ್ಣಿನ ಗಾತ್ರಕ್ಕೋ ಅದಕ್ಕಿಂತ ದೊಡ್ಡದಾಗಿಯೋ ಊದಿದ ಗ್ರಂಥಿ, ಇಳಿದ ಹಾಲು, ಬಿಳುಪೇರಿದ ಕಣ್ಣು ಕಂಡರೆ ಡಾಕ್ಟರು ‘ಥೈಲೇರಿಯಾ ಇರಬಹುದು, ರಕ್ತ ನೋಡೋಣ’ ಎನ್ನುತ್ತಾರೆ. ರಕ್ತಕಣದೊಳಗೆ ಸೇರುವ ಈ ಸೂಕ್ಷ್ಮ ಪರೋಪಜೀವಿಯನ್ನು ತರುವುದು ಉಣ್ಣೆ. ಇದಕ್ಕೆ ಪ್ರತ್ಯೇಕ ಔಷಧಿ ಇದೆ, ಬೆಲೆಯೂ ಜಾಸ್ತಿ. ಸಾಮಾನ್ಯ ಜ್ವರದ ಸೂಜಿಯಲ್ಲಿ ದಿನ ಕಳೆದರೆ ರಕ್ತಹೀನತೆ ಮುಂದುವರಿಯುತ್ತದೆ.

ಉಣ್ಣೆ ನಿಯಂತ್ರಣ ಎಂದರೆ ಹಸುವಿನ ಮೈಗೆ ಔಷಧಿ ಹಚ್ಚುವುದು ಎಂದಷ್ಟೇ ತಿಳಿದವರು ಬಹಳ. ಆದರೆ ರಕ್ತ ಕುಡಿದು ಉಬ್ಬಿದ ಹೆಣ್ಣುಣ್ಣೆ ಹಸುವಿನಿಂದ ಉದುರಿ, ಕೊಟ್ಟಿಗೆಯ ಗೋಡೆಬಿರುಕಿನಲ್ಲಿ, ಗೋದಲಿಯ ಸಂದಿಯಲ್ಲಿ ಸಾವಿರಾರು ಮೊಟ್ಟೆ ಇಡುತ್ತದೆ. ಮೈಮೇಲಿನ ಉಣ್ಣೆ ಕೊಂದು ಗೋಡೆ ಬಿಟ್ಟರೆ ಮುಂದಿನ ತಿಂಗಳು ಅಷ್ಟೇ ಉಣ್ಣೆ. ಬಿರುಕುಗಳನ್ನು ಮುಚ್ಚಿ, ಗೋಡೆಗೆ ಸುಣ್ಣ ಹೊಡೆದು, ಡಾಕ್ಟರು ಹೇಳಿದ ಔಷಧಿಯನ್ನು ಅವರು ಹೇಳಿದಷ್ಟೇ ನೀರಿಗೆ ಬೆರೆಸಿ ನೆಲ–ಗೋಡೆಗೂ ಸಿಂಪಡಿಸಬೇಕು.

ಜಂತುನಾಶಕದ ವಿಷಯದಲ್ಲಿ ಒಂದೇ ಮಾತು: ರಾಸಿನ ತೂಕಕ್ಕೆ ತಕ್ಕ ಪ್ರಮಾಣ. ಒಂದು ಹಸುವಿನ ಔಷಧಿಯನ್ನು ಎರಡಕ್ಕೆ ಹಂಚಿದರೆ ಜಂತು ಸಾಯುವುದಿಲ್ಲ, ಆ ಔಷಧಿಗೆ ಒಗ್ಗಿಕೊಳ್ಳುತ್ತದೆ. ಕರುವಿಗೆ ಮೊದಲ ಹದಿನೈದು ದಿನದೊಳಗೆ ಶುರುಮಾಡಿ, ಆರು ತಿಂಗಳವರೆಗೆ ತಿಂಗಳಿಗೊಮ್ಮೆ ಕೊಡುವ ರೂಢಿ ಸರಿಯಾದದ್ದೇ.

ಗಿಣ್ಣಿನ ಮೊದಲ ಪಾಲು ಕರುವಿಗೆ

ಮನುಷ್ಯರ ಮಗು ಹೊಟ್ಟೆಯಲ್ಲಿರುವಾಗಲೇ ತಾಯಿಯಿಂದ ಪ್ರತಿಕಾಯಗಳನ್ನು ಪಡೆದುಕೊಂಡು ಹುಟ್ಟುತ್ತದೆ. ಹಸುವಿನ ಕರು ಹಾಗಲ್ಲ. ಅದರ ಮಾಸಿನ ಮೂಲಕ ಪ್ರತಿಕಾಯ ದಾಟುವುದಿಲ್ಲ. ರೋಗ ಎದುರಿಸುವ ಶಕ್ತಿಯನ್ನು ಅದು ಪೂರ್ತಿಯಾಗಿ ಗಿಣ್ಣು ಹಾಲಿನಿಂದಲೇ ಪಡೆಯಬೇಕು. ಆ ದೊಡ್ಡ ಅಣುಗಳನ್ನು ಹಾಗೆಯೇ ರಕ್ತಕ್ಕೆ ಬಿಟ್ಟುಕೊಳ್ಳುವ ಗುಣ ಕರುವಿನ ಕರುಳಿಗೆ ಹುಟ್ಟಿದ ಮೊದಲ ಗಂಟೆಗಳಲ್ಲಿ ಹೆಚ್ಚು. ಗಂಟೆಗಂಟೆಗೂ ಅದು ಕಡಿಮೆಯಾಗುತ್ತ 24 ಗಂಟೆಯ ಹೊತ್ತಿಗೆ ಬಾಗಿಲು ಮುಚ್ಚುತ್ತದೆ.

ಮಾಸು ಬೀಳುವವರೆಗೆ ಕರುವಿಗೆ ಹಾಲು ಬಿಡಬಾರದು ಎಂಬ ನಂಬಿಕೆ ಇನ್ನೂ ಹಲವು ಕಡೆ ಇದೆ. ಮಾಸು ಬೀಳಲು ಎಂಟು, ಹತ್ತು ಗಂಟೆಯೂ ಆಗಬಹುದು. ಅಷ್ಟರಲ್ಲಿ ಕರುವಿನ ಅತ್ಯಮೂಲ್ಯ ಸಮಯ ಹೋಗಿರುತ್ತದೆ. ಹುಟ್ಟಿದ ಅರ್ಧದಿಂದ ಒಂದು ಗಂಟೆಯೊಳಗೆ ಮೊದಲ ಗಿಣ್ಣು ಹೊಟ್ಟೆ ಸೇರಲಿ. ಮೊದಲ ದಿನ ಕರುವಿನ ತೂಕದ ಹತ್ತನೇ ಒಂದು ಭಾಗದಷ್ಟು, ಅಂದರೆ 25 ಕಿಲೋ ಕರುವಿಗೆ ಎರಡೂವರೆ ಲೀಟರ್, ಎರಡು ಮೂರು ಕಂತಿನಲ್ಲಿ. ಕರು ಕುಡಿಯುವುದರಿಂದ ಮಾಸು ಬೀಳಲೂ ಅನುಕೂಲವೇ. ನೆರೆಹೊರೆಗೆ ಗಿಣ್ಣು ಹಂಚುವ ನಮ್ಮ ಸಂಪ್ರದಾಯ ಚೆಂದದ್ದು. ಕರುವಿನ ಪಾಲು ತೆಗೆದಿಟ್ಟ ಮೇಲೆ ಹಂಚೋಣ. 12 ಗಂಟೆ ಕಳೆದರೂ ಮಾಸು ಬೀಳದಿದ್ದರೆ ಡಾಕ್ಟರಿಗೆ ಹೇಳಿ. ಅದಕ್ಕೆ ಇಟ್ಟಿಗೆ, ಚಪ್ಪಲಿ ಕಟ್ಟಿ ಜಗ್ಗಿಸಬೇಡಿ.

ಮೇವಿನ ತೂಕ, ಮೇವಿನೊಳಗಿನ ನೀರು

ಆಹಾರದ ಮಾತಿಗೆ ಬಂದರೆ ಎಲ್ಲಕ್ಕೂ ತಳಪಾಯ ಒಣ ಅಂಶ. ಡಾಕ್ಟರು ಡ್ರೈ ಮ್ಯಾಟರ್ ಎನ್ನುವುದು ಇದನ್ನೇ. ಮೇವಿನಲ್ಲಿರುವ ನೀರನ್ನು ಪೂರ್ತಿ ತೆಗೆದರೆ ಉಳಿಯುವ ತೂಕ ಅದು. ಹಸು ದಿನಕ್ಕೆ ತನ್ನ ತೂಕದ ಶೇಕಡ 2.5ರಿಂದ 3ರಷ್ಟು ಒಣ ಅಂಶ ತಿನ್ನಬೇಕು. ಸೀಮೆಹುಲ್ಲಿನಂಥ ಹಸಿಮೇವಿನಲ್ಲಿ ಐದರಲ್ಲಿ ನಾಲ್ಕು ಪಾಲು ನೀರು. ರಾಗಿಹುಲ್ಲು, ಭತ್ತದ ಹುಲ್ಲಿನಲ್ಲಿ ಹತ್ತರಲ್ಲಿ ಒಂದು ಪಾಲು.

400 ಕಿಲೋ ತೂಗುವ, ದಿನಕ್ಕೆ ಹತ್ತು ಲೀಟರ್ ಕರೆಯುವ ಹಸುವನ್ನು ತೆಗೆದುಕೊಳ್ಳಿ. ಅದಕ್ಕೆ ಸುಮಾರು 12 ಕಿಲೋ ಒಣ ಅಂಶ ಬೇಕು. 25 ಕಿಲೋ ಹಸಿಮೇವು ಹಾಕಿದರೆ ಸಿಗುವುದು 5 ಕಿಲೋ. ನಾಲ್ಕು ಕಿಲೋ ಒಣಹುಲ್ಲಿನಿಂದ ಮೂರೂವರೆ ಕಿಲೋ ಚಿಲ್ಲರೆ. ನಾಲ್ಕು ಕಿಲೋ ಪಶು ಆಹಾರದಿಂದ ಮತ್ತೆ ಅಷ್ಟೇ. ಲೆಕ್ಕ 12ಕ್ಕೆ ಬಂತು. ಬರೀ ಹಸಿಮೇವನ್ನೇ ಹಾಕಿ ತುಂಬಿಸುತ್ತೇನೆ ಎಂದರೆ 60 ಕಿಲೋ ಕತ್ತರಿಸಿ ತರಬೇಕು. ಹೊಟ್ಟೆ ತುಂಬಿದಂತೆ ಕಂಡರೂ ಹಾಲು ಯಾಕೆ ಏರುತ್ತಿಲ್ಲ ಎಂಬುದಕ್ಕೆ ಅನೇಕ ಮನೆಗಳಲ್ಲಿ ಕಾರಣ ಈ ನೀರಿನ ಲೆಕ್ಕವೇ. ಒಂದು ದಿನ ತಕ್ಕಡಿ ಹಿಡಿದು ನಿಮ್ಮ ಮೇವಿನ ಹೊರೆ ತೂಗಿ ನೋಡಿ. ‘ಎರಡು ಹೊರೆ ಹಾಕ್ತೀನಿ’ ಎನ್ನುವುದರಿಂದ ಏನೂ ತಿಳಿಯುವುದಿಲ್ಲ.

ಪಶು ಆಹಾರದ ಪ್ರಮಾಣಕ್ಕೆ ರೂಢಿಯ ಲೆಕ್ಕ ಹಸುವಿಗೆ ಎರಡೂವರೆ ಲೀಟರ್ ಹಾಲಿಗೆ ಒಂದು ಕಿಲೋ, ಎಮ್ಮೆಗೆ ಎರಡು ಲೀಟರಿಗೆ ಒಂದು ಕಿಲೋ. ದ್ವಿದಳ ಮೇವು ಸಾಕಷ್ಟಿಲ್ಲದಿದ್ದರೆ ಮೈ ನಿರ್ವಹಣೆಗೆ ಇನ್ನೊಂದು, ಒಂದೂವರೆ ಕಿಲೋ ಸೇರಿಸಬೇಕು. ಚೀಲದ ಮೇಲಿನ ಕಚ್ಚಾ ಪ್ರೊಟೀನ್ ಎಂಬ ಸಾಲನ್ನು ಓದಿ. ಭಾರತೀಯ ಮಾನಕದ ಪ್ರಕಾರ ಮೊದಲ ದರ್ಜೆಯದರಲ್ಲಿ ಕನಿಷ್ಠ ಶೇ. 22, ಎರಡನೇ ದರ್ಜೆಯದರಲ್ಲಿ 20 ಇರಬೇಕು. ತೇವಾಂಶ 11ಕ್ಕಿಂತ ಹೆಚ್ಚಿರಬಾರದು. ಬೂಸಾ ಒಂದನ್ನೇ ನೆನೆಸಿ ಇಡುವವರು ಅದರಲ್ಲಿ ಇಷ್ಟು ಪ್ರೊಟೀನ್ ಇಲ್ಲ, ಕ್ಯಾಲ್ಸಿಯಂ ತೀರಾ ಕಡಿಮೆ ಎಂಬುದನ್ನು ಗಮನಿಸಬೇಕು.

ಹಾಗಂತ ಹುಲ್ಲು ಕಡಿಮೆ ಮಾಡಿ ಪಶು ಆಹಾರ ಸುರಿಯುವುದೂ ತಪ್ಪು. ಹಸು ಆಹಾರವನ್ನು ಅರಗಿಸಿಕೊಳ್ಳುವುದು ತನ್ನ ಮೆಲುಕು ಹೊಟ್ಟೆಯ ಕೋಟ್ಯಂತರ ಸೂಕ್ಷ್ಮಜೀವಿಗಳ ನೆರವಿನಿಂದ. ಅವು ಬದುಕಲು ನಾರು ಬೇಕು, ಮೆಲುಕು ಹಾಕಿದಾಗ ಬರುವ ಜೊಲ್ಲು ಬೇಕು. ದಿನಕ್ಕೆ ಏಳೆಂಟು ಗಂಟೆ ಮೆಲುಕು ಹಾಕುವ ಹಸುವಿನ ಹೊಟ್ಟೆ ಸರಿಯಾಗಿದೆ ಎಂದರ್ಥ. ಮಧ್ಯಾಹ್ನ ಮಲಗಿರುವ ಹಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೆಲುಕು ಹಾಕುತ್ತಿಲ್ಲವೆಂದರೆ ಮೇವಿನಲ್ಲಿ ಏನೋ ಕೊರತೆ ಇದೆ. ನಾರು ಕಡಿಮೆಯಾದರೆ ಡೇರಿಯಲ್ಲಿ ಮೊದಲು ಇಳಿಯುವುದು ಹಾಲಿನ ಕೊಬ್ಬಿನಂಶ.

ಮದುವೆ, ಜಾತ್ರೆಯಲ್ಲಿ ಉಳಿದ ಅನ್ನ, ಪಾಯಸ, ಹೋಳಿಗೆಯನ್ನು ಪ್ರೀತಿಯಿಂದ ಹಸುವಿಗೆ ಸುರಿಯುವುದುಂಟು. ಪಿಷ್ಟ ಒಮ್ಮೆಲೇ ಹುಳಿದು ಹೊಟ್ಟೆಯಲ್ಲಿ ಆಮ್ಲ ಏರುತ್ತದೆ, ಆ ಸೂಕ್ಷ್ಮಜೀವಿಗಳು ಸಾಯುತ್ತವೆ. ಮಾರನೇ ದಿನ ಹಸು ಮೇವು ಬಿಟ್ಟು, ಹುಳಿ ವಾಸನೆಯ ಭೇದಿ ಮಾಡುತ್ತ, ತೂರಾಡಿ ಬೀಳುತ್ತದೆ. ಅಸಿಡೋಸಿಸ್ ಎನ್ನುವುದು ಇದಕ್ಕೆ. ಎಡ ಪಕ್ಕೆ ಮಾತ್ರ ಡೋಲಿನಂತೆ ಉಬ್ಬಿ ಉಸಿರಾಟಕ್ಕೆ ಕಷ್ಟವಾದರೆ ಅದು ಹೊಟ್ಟೆ ಉಬ್ಬರ. ಎರಡೂ ತುರ್ತು. ಬಿದ್ದ ಹಸುವಿಗೆ ಮಾತ್ರ ಗೊಟ್ಟದಲ್ಲಿ ಏನನ್ನೂ ಕುಡಿಸಬೇಡಿ. ನಾಲಗೆ ಎಳೆದು, ತಲೆ ಎತ್ತಿ ಹಿಡಿದು ಹೊಯ್ದ ಔಷಧಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಮೂಲ ಕಾಯಿಲೆಯಿಂದ ಬದುಕಬಹುದಾಗಿದ್ದ ರಾಸುಗಳು ಹೀಗೆ ಸತ್ತಿವೆ.

ಜೋಳ ಬೆಳೆಯುವ ಸೀಮೆಯವರಿಗೆ ಗೊತ್ತಿರುವ ಅಪಾಯ ಇನ್ನೊಂದು. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳ, ಕಟಾವಾದ ಮೇಲೆ ಚಿಗುರಿದ ಕೂಳೆ ಜೋಳದಲ್ಲಿ ಸಯನೈಡ್ ವಿಷ ಉಂಟಾಗುತ್ತದೆ. ಹಸಿದ ದನ ಹೊಕ್ಕರೆ ನಿಮಿಷಗಳಲ್ಲಿ ಬೀಳುತ್ತದೆ. ಡಾಕ್ಟರು ಬೇಗ ತಲುಪಿದರೆ ಪ್ರತಿವಿಷದ ಸೂಜಿಯಿಂದ ಉಳಿಸಬಹುದು. ಹೂ ಬಿಟ್ಟ ಮೇಲೆ ಕತ್ತರಿಸಿದ ಜೋಳಕ್ಕೆ ಈ ಭಯವಿಲ್ಲ. ಬೂಷ್ಟು ಹಿಡಿದ ಕಡಲೆಕಾಯಿ ಹಿಂಡಿಯಲ್ಲಿರುವ ಅಫ್ಲಾಟಾಕ್ಸಿನ್ ಹೀಗೆ ಥಟ್ಟನೆ ಕೊಲ್ಲುವುದಿಲ್ಲ. ಯಕೃತ್ತನ್ನು ಕೆಡಿಸಿ, ಹಾಲಿಗೂ ಇಳಿದು, ಕಾಯಿಸಿದರೂ ಹೋಗದೆ ಮಗುವಿನ ಲೋಟ ಸೇರುತ್ತದೆ. ಹಾಲಿನಲ್ಲಿ ಅದಕ್ಕೆ ಕಾನೂನು ಒಪ್ಪುವ ಮಿತಿ ಕಿಲೋಗೆ ಅರ್ಧ ಮೈಕ್ರೋಗ್ರಾಂ ಮಾತ್ರ. ಬೂಷ್ಟು ಬಂದ ಹಿಂಡಿಯನ್ನು ‘ದನ ತಾನೇ, ತಿನ್ನಲಿ’ ಎನ್ನದೆ ಎಸೆಯಿರಿ.

ಖನಿಜ ಮಿಶ್ರಣ ದಿನಕ್ಕೆ 30ರಿಂದ 50 ಗ್ರಾಂ, ಉಪ್ಪು 30 ಗ್ರಾಂ. ಬೆದೆಗೆ ಬಾರದ, ಬಂದರೂ ಗಬ್ಬ ನಿಲ್ಲದ ಹಸುಗಳಲ್ಲಿ ಎಷ್ಟೋ ಖನಿಜದ ಕೊರತೆಯವು. ಮಣ್ಣಿಗೆ ತಕ್ಕಂತೆ ಮೇವಿನ ಖನಿಜ ಬದಲಾಗುವುದರಿಂದ ಬೆಂಗಳೂರಿನ ಆಡುಗೋಡಿಯಲ್ಲಿರುವ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ವಿಜ್ಞಾನ ಸಂಸ್ಥೆ ಪ್ರದೇಶವಾರು ಖನಿಜ ಮಿಶ್ರಣಗಳ ಮೇಲೆ ಕೆಲಸ ಮಾಡಿದೆ. ನಿಮ್ಮ ಜಿಲ್ಲೆಗೆ ಯಾವುದು ಎಂದು ಡಾಕ್ಟರನ್ನು ಕೇಳಿ.

ಜ್ವರವಿಲ್ಲದ ಹಾಲುಜ್ವರ

ಕರು ಹಾಕಿದ ಎರಡು ಮೂರು ದಿನದೊಳಗೆ ಹೆಚ್ಚು ಹಾಲಿನ ಹಸು ನೆಲಹಿಡಿದು, ಕುತ್ತಿಗೆ ಹೊರಳಿಸಿ ಪಕ್ಕೆಗಿಟ್ಟು, ಕಿವಿ ತಣ್ಣಗಾಗಿ ಮಲಗಿದ್ದರೆ ಅದು ಹಾಲುಜ್ವರ. ಥರ್ಮಾಮೀಟರ್ ಇಟ್ಟರೆ ಜ್ವರ ಇರುವುದಿಲ್ಲ, ಹಸುವಿನ ಸಹಜ ಶಾಖವಾದ 101ರಿಂದ 102.5 ಡಿಗ್ರಿಗಿಂತ ಕೆಳಗೇ ಇಳಿದಿರುತ್ತದೆ. ಹೆಸರು ಕೇಳಿ ಜ್ವರದ ಮಾತ್ರೆ ಕೊಡುವುದರಿಂದ ಸಮಯ ಹಾಳು. ಹಾಲಿಗೆ ಒಮ್ಮೆಲೇ ಹರಿದುಹೋದ ಕ್ಯಾಲ್ಸಿಯಂ ರಕ್ತದಲ್ಲಿ ಕುಸಿದದ್ದೇ ಕಾರಣ. ಡಾಕ್ಟರು ನರಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಬಿಡುತ್ತಿದ್ದಂತೆ ಬಿದ್ದ ಹಸು ಎದ್ದು ನಿಲ್ಲುತ್ತದೆ. ವೇಗವಾಗಿ ಬಿಟ್ಟರೆ ಹೃದಯವೇ ನಿಲ್ಲಬಹುದಾದ್ದರಿಂದ ಇದು ಮನೆಯವರು ಮಾಡುವ ಕೆಲಸವಲ್ಲ.

ಇದನ್ನು ತಡೆಯಲು ಗಬ್ಬದ ಕೊನೆಯ ಮೂರು ವಾರ ಬಾಟಲಿಗಟ್ಟಲೆ ಕ್ಯಾಲ್ಸಿಯಂ ಕುಡಿಸುವವರಿದ್ದಾರೆ. ಫಲ ತಿರುಗುಮುರುಗು. ಹೊರಗಿನಿಂದ ಧಾರಾಳ ಸಿಗುತ್ತಿದ್ದರೆ ಮೂಳೆಯಲ್ಲಿರುವ ಕ್ಯಾಲ್ಸಿಯಂ ತೆಗೆದು ಬಳಸುವ ಅಭ್ಯಾಸ ಮೈಗೆ ತಪ್ಪಿ, ಕರು ಹಾಕಿದ ದಿನ ಆ ವ್ಯವಸ್ಥೆ ಏಳುವುದೇ ಇಲ್ಲ. ಆ ಅವಧಿಯಲ್ಲಿ ಏನು ಕೊಡಬೇಕೆಂದು ಡಾಕ್ಟರನ್ನು ಕೇಳಿಯೇ ಕೊಡಿ. ಕರು ಹಾಕುವ ಎರಡು ತಿಂಗಳು ಮುಂಚೆ ಹಾಲು ಬತ್ತಿಸಿ, ಕೆಚ್ಚಲಿಗೆ ಬಿಡುವು ಕೊಡಿ.

ಕರು ಹಾಕಿದ ಎರಡರಿಂದ ಆರು ವಾರದಲ್ಲಿ ಇನ್ನೊಂದು ಕಂಟಕ, ಕೀಟೋಸಿಸ್. ಹಾಲು ಏರುವ ವೇಗಕ್ಕೆ ಮೇವು ಸಾಲದೆ ಹಸು ತನ್ನ ಕೊಬ್ಬನ್ನೇ ಕರಗಿಸತೊಡಗುತ್ತದೆ. ಮೊದಲು ಪಶು ಆಹಾರ ಬಿಟ್ಟು ಬರೀ ಒಣಹುಲ್ಲು ಮೂಸುತ್ತದೆ, ದಿನದಿನಕ್ಕೆ ಇಳಿಯುತ್ತದೆ, ಉಸಿರಿನಲ್ಲಿ ಒಂದು ಬಗೆಯ ಸಿಹಿ ವಾಸನೆ. ಇದನ್ನು ದೃಷ್ಟಿ ಎಂದು ನಿವಾಳಿಸುತ್ತ ಕೂರಬೇಡಿ.

ಕೆಚ್ಚಲು ಬಾವು, ಹಾಲು ಹಾಕದ ದಿನಗಳು

ಕೆಂಪಗೆ ಊದಿದ ಕೆಚ್ಚಲು, ಒಡೆದ ಹಾಲು ಎಲ್ಲರಿಗೂ ಕಾಣುತ್ತದೆ. ಕಾಣದಿರುವುದು ಸುಪ್ತ ಕೆಚ್ಚಲು ಬಾವು. ಹಾಲು ಹಾಲಿನಂತೆಯೇ ಇದ್ದು ಪ್ರಮಾಣ ಮಾತ್ರ ಸದ್ದಿಲ್ಲದೆ ಇಳಿಯುತ್ತದೆ. ತಟ್ಟೆಯಲ್ಲಿ ನಾಲ್ಕು ಮೊಲೆಯ ಹಾಲನ್ನು ಬೇರೆ ಬೇರೆ ಹಿಡಿದು ದ್ರಾವಣ ಬೆರೆಸಿದಾಗ ಲೋಳೆಯಾದರೆ ರೋಗವಿದೆ ಎಂದರ್ಥ. ಸಿಎಂಟಿ ಎಂಬ ಈ ಪರೀಕ್ಷೆಯನ್ನು ಮನೆಯಲ್ಲೂ ಮಾಡಬಹುದು. ಕರೆದ ಮೇಲೆ ಮೊಲೆಯ ತೂತು ಸುಮಾರು ಅರ್ಧ ಗಂಟೆ ತೆರೆದೇ ಇರುತ್ತದೆ. ಆಗ ಹಸು ಸಗಣಿಯ ಮೇಲೆ ಮಲಗಿದರೆ ರೋಗಾಣು ನೇರ ಒಳಗೆ. ಕರೆದ ಕೂಡಲೇ ಮುಂದೆ ಹುಲ್ಲು ಹಾಕಿ, ತಿನ್ನುತ್ತ ನಿಂತಿರಲಿ. ಹೆಬ್ಬೆರಳು ಮಡಚಿ ಎಳೆಯದೆ ಇಡೀ ಮುಷ್ಟಿಯಲ್ಲಿ ಕರೆಯಿರಿ, ಬಾವು ಬಂದ ಹಸುವನ್ನು ಕೊನೆಯಲ್ಲಿ ಕರೆಯಿರಿ.

ಆಂಟಿಬಯಾಟಿಕ್ ಕೊಟ್ಟ ಮೇಲೆ ಇಷ್ಟು ದಿನ ಹಾಲು ಬಳಸಬಾರದು ಎಂದು ಔಷಧಿಯ ಪೆಟ್ಟಿಗೆಯ ಮೇಲೆ ಬರೆದಿರುತ್ತದೆ. ಡಾಕ್ಟರು ವಿತ್‌ಡ್ರಾವಲ್ ಪೀರಿಯಡ್ ಎನ್ನುವ ಅವಧಿ ಇದು. ಆ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಸರಿಯಾಗಿ ಕಟ್ಟುವುದಿಲ್ಲ, ಹೆಪ್ಪಿನ ಬ್ಯಾಕ್ಟೀರಿಯಾಗಳನ್ನೂ ಔಷಧಿ ಕೊಲ್ಲುತ್ತದೆ. ಅದನ್ನು ಡೇರಿಯ ಕ್ಯಾನಿಗೆ ಸುರಿದರೆ ಇಡೀ ಊರಿನ ಹಾಲು ಕೆಟ್ಟಂತೆ. ಸೂಜಿ ಹಾಕಿದ ಡಾಕ್ಟರನ್ನು ‘ಎಷ್ಟು ದಿನ ಹಾಲು ಹಾಕಬಾರದು ಸಾರ್?’ ಎಂದು ಕೇಳುವ ರೂಢಿ ಪ್ರತಿ ಮನೆಗೂ ಬರಬೇಕು. ಮೂರು ದಿನ ಎಂದ ಸೂಜಿಯನ್ನು ಒಂದೇ ದಿನಕ್ಕೆ ನಿಲ್ಲಿಸುವುದೂ ಬೇಡ.

ಫೋನು ಮಾಡುವ ಮುಂಚೆ

ಪಶು ಸಂಜೀವಿನಿ ಸಂಚಾರಿ ವಾಹನಕ್ಕಾಗಿ 1962 ಸಂಖ್ಯೆಗೆ ಕರೆ ಮಾಡಿದಾಗ, ಅಥವಾ ನಿಮ್ಮ ಡಾಕ್ಟರಿಗೇ ಹೇಳುವಾಗ, ಈ ವಿಷಯಗಳು ನಾಲಗೆಯ ತುದಿಯಲ್ಲಿರಲಿ: ರಾಸಿನ ವಯಸ್ಸು, ಎಷ್ಟನೇ ಸೂಲು, ಗಬ್ಬವಿದ್ದರೆ ಎಷ್ಟು ತಿಂಗಳು, ಕರು ಹಾಕಿ ಎಷ್ಟು ದಿನ, ಮೇವು ಬಿಟ್ಟದ್ದು ಯಾವಾಗ, ಮೆಲುಕು ಹಾಕುತ್ತಿದೆಯೇ, ಸಗಣಿ ಹೇಗಿದೆ, ಶಾಖ ಎಷ್ಟು. ಥರ್ಮಾಮೀಟರಿನ ತುದಿಗೆ ಎಣ್ಣೆ ಸವರಿ ಗುದದೊಳಗೆ ಎರಡು ನಿಮಿಷ, ಒಳಗೋಡೆಗೆ ತಾಗಿದಂತೆ ಹಿಡಿದರೆ ಸರಿಯಾದ ಅಂಕಿ ಬರುತ್ತದೆ. ಕೊನೆಯ ಲಸಿಕೆ ಯಾವುದು, ಯಾವ ತಿಂಗಳು ಎಂದು ಹೇಳಲು ಒಂದು ಇಪ್ಪತ್ತು ರೂಪಾಯಿಯ ನೋಟ್‌ಬುಕ್ ಕೊಟ್ಟಿಗೆಯ ಬಾಗಿಲಿಗೆ ನೇತುಹಾಕಿ, ಜಂತುನಾಶಕ, ಬೆದೆ, ಕರು ಹಾಕಿದ ದಿನವನ್ನೂ ಅದರಲ್ಲೇ ಬರೆಯಿರಿ. ಡಾಕ್ಟರನ್ನು ಕರೆಯುವ ಮುಂಚೆ ಬೇರೆ ಯಾರಾದರೂ ಸೂಜಿ ಹಾಕಿದ್ದರೆ ಮುಚ್ಚಿಡದೆ ಹೇಳಿ, ಖಾಲಿ ಬಾಟಲಿ ಎತ್ತಿಟ್ಟಿದ್ದು ತೋರಿಸಿ. ಡಾಕ್ಟರು ಬರುವಷ್ಟರಲ್ಲಿ ಹಸುವನ್ನು ನೆರಳಿಗೆ ಕಟ್ಟಿ. ಬಕೆಟ್ಟಿನಲ್ಲಿ ಬಿಸಿನೀರು, ಸೋಪು, ಗಟ್ಟಿ ಹಗ್ಗ, ರಾತ್ರಿಯಾದರೆ ಒಳ್ಳೆಯ ಬೆಳಕು, ಹಿಡಿದುಕೊಳ್ಳಲು ಇಬ್ಬರು ಆಳು ಸಿದ್ಧವಿರಲಿ.